ಸೂಜಿ ಇಳಿದಾಗ ಕೂಗಲಿಲ್ಲ

ಗ್ಯಾರೇಜ್ ಶೆಡ್ಡಿನ ಪಕ್ಕದ ಹೊಲಿಗೆ ಕೋಣೆ,
ಗುರುವಾರ, ಹದಿನಾಲ್ಕನೇ ತಾರೀಖು, ಬೆಳಿಗ್ಗೆ ಎಂಟೂವರೆ

ಪ್ರೀತಿಯ ತಮ್ಮಾ, ನನ್ನ ಮೊಂಡಾ,

ಹೇಗಿದ್ದೀಯ? ಈ ಸಲವೂ "ಚೆನ್ನಾಗಿದ್ದೇನೆ" ಎಂದು ಬರೆದೆಯೋ, ಆ ಕಾಗದವನ್ನು ಹರಿದು ನಿನಗೇ ವಾಪಸ್ ಕಳಿಸುತ್ತೇನೆ. ನಿದ್ದೆ ಬರುತ್ತಿದೆಯಾ? ಹೊಟ್ಟೆಗೆ ಏನಾದರೂ ಸೇರುತ್ತಿದೆಯಾ? ನಿಮ್ಮ ಕ್ಯಾಂಪಿನ ಚಹಾ ಪಾತ್ರೆ ತೊಳೆದ ನೀರಿನ ಹಾಗಿರುತ್ತದೆ ಎಂದು ಮೊದಲೆಲ್ಲ ಒಂದು ಪುಟ ಬೈಯುತ್ತಿದ್ದೆಯಲ್ಲ, ಈಗ ಚಹಾ ಚೆನ್ನಾಗಾಯಿತಾ, ಇಲ್ಲ ನಿನಗೆ ರುಚಿಯೇ ಗೊತ್ತಾಗುತ್ತಿಲ್ಲವಾ? ಸೊಂಟ ನೋವು ಎಲ್ಲಿಗೆ ಬಂತು? ಒಂದೊಂದಕ್ಕೂ ಬೇರೆ ಬೇರೆ ಉತ್ತರ ಬೇಕು. ಎಲ್ಲವನ್ನೂ ಒಂದೇ ಗಂಟಿಗೆ ಕಟ್ಟಿ ಎಸೆಯಬೇಡ.

ಇಲ್ಲಿ ನಾವಿಬ್ಬರೂ ಕ್ಷೇಮ ಎಂದು ಬರೆಯುವುದು ವಾಡಿಕೆ. ಅಪ್ಪ ಮಾತ್ರೆ ನುಂಗುತ್ತಿದ್ದಾರೆ, ನಾನು ಊಟ ಮಾಡುತ್ತಿದ್ದೇನೆ, ಅಷ್ಟರ ಮಟ್ಟಿಗೆ ಕ್ಷೇಮ. ಆದರೆ ನನಗೆ ಭಯವಾಗಿದೆ ಕಣೋ. ಶನಿವಾರ ನಿನ್ನ ಪೆಟ್ಟಿಗೆ ಬಂದಾಗಿನಿಂದ ಕೆಲಸ ಮುಂದೆ ಸಾಗಿಲ್ಲ. ಒಂದು ಲಾರಿ ಸೀಟಿನ ಹೊಲಿಗೆಯನ್ನು ಮೂರು ಸಲ ಬಿಚ್ಚಿದ್ದೇನೆ.

ನಿಮ್ಮ ಕ್ಯಾಂಪಿಗೆ ಸಾಮಾನು ಸಾಗಿಸುವ ಮೀಸೆ ಡ್ರೈವರು ಮಧ್ಯಾಹ್ನ ಬಂದು "ನಿಮ್ಮ ತಮ್ಮ ಕೊಟ್ಟಿದ್ದು" ಎಂದು ಪೆಟ್ಟಿಗೆ ಇಳಿಸಿದಾಗ ನಾನು ಹಳೆಯ ಬಟ್ಟೆ ಎಂದುಕೊಂಡಿದ್ದೆ. ತೆಗೆದರೆ ನಿನ್ನ ಸ್ಪ್ಯಾನರ್ ಸೆಟ್ಟು. ಹೊಲಿಗೆ ಯಂತ್ರದ ಬೋಲ್ಟು ಬಿಗಿ ಮಾಡಲು ಅದರ ಹತ್ತನೇ ನಂಬರಿನದನ್ನು ಒಮ್ಮೆ ಎತ್ತಿಕೊಂಡೆ ಎಂದು ಎರಡು ದಿನ ನನ್ನ ಜೊತೆ ಮಾತು ಬಿಟ್ಟಿದ್ದವನು ನೀನು! ಈಗ ನೀನೇ ಒಂದೊಂದನ್ನೂ ಎಣ್ಣೆ ಬಟ್ಟೆಯಲ್ಲಿ ಒರೆಸಿ ನಂಬರಿನ ಪ್ರಕಾರ ಜೋಡಿಸಿದ್ದೆ. ಪಕ್ಕದಲ್ಲಿ ಅಮ್ಮ ಕೊಟ್ಟ ಗಡಿಯಾರ. ಮೇಲೊಂದು ಚೀಟಿ: "ಅಪ್ಪನಿಗೆ ಉಪಯೋಗಕ್ಕೆ ಬರಲಿ. ನನಗೆ ಇನ್ನು ಬೇಕಾಗುವುದಿಲ್ಲ. ನಾನು ಚೆನ್ನಾಗಿದ್ದೇನೆ." ಸುರಂಗದ ಪಂಪುಗಳನ್ನು ರಿಪೇರಿ ಮಾಡುವ ಮೆಕ್ಯಾನಿಕ್‌ಗೆ ಸ್ಪ್ಯಾನರ್ ಬೇಡ ಎಂದರೆ ಏನರ್ಥ? ಅಪ್ಪ ಶೆಡ್ಡಿನಿಂದ ಕೈ ಒರೆಸಿಕೊಳ್ಳುತ್ತಾ ಬಂದರು. ಚೀಟಿ ಓದಿದರು. ಹತ್ತನೇ ನಂಬರಿನದನ್ನು ಕೈಗೆ ತೆಗೆದುಕೊಂಡು ಒಂದು ಗಳಿಗೆ ಹಿಡಿದಿದ್ದರು, ಅದನ್ನು ಅದರ ಜಾಗದಲ್ಲೇ ಇಟ್ಟು ಮುಚ್ಚಳ ಹಾಕಿದರು. ಆ ಸಂಜೆ ಚಹಾವನ್ನೂ ಮುಟ್ಟಲಿಲ್ಲ.

ಭಾನುವಾರ ಬೆಳಿಗ್ಗೆ ಎದ್ದವರೇ, "ಬಾ, ದೊರೆಸಾನೀನ ಒಂದ್ಸಲ ಏರು ಹತ್ತಿಸ್ಕೊಂಡು ಬರೋಣ. ಮೀಟರ್ ಸೂಜಿ ನೋಡೋಕೆ ಜನ ಬೇಕು" ಎಂದರು. ಯಾಕೆ, ಏನು, ಎಂದು ಕೇಳಲಿಲ್ಲ. ಅಪ್ಪನಿಗೆ ಮನಸ್ಸು ಕೆಟ್ಟಾಗ ಆ ಹಳೆಯ ಎರಡು ಸೀಟಿನ ಕಾರಿನ ಹತ್ತಿರ ಹೋಗುತ್ತಾರೆ ಎಂಬುದು ನಿನಗೂ ಗೊತ್ತು. ಅದಕ್ಕೇ ಅಲ್ಲವಾ ಅಮ್ಮ ಅದಕ್ಕೆ ದೊರೆಸಾನಿ ಎಂದು ಹೆಸರಿಟ್ಟಿದ್ದು. "ನನಗೆ ತಲೆನೋವು ಬಂದ್ರೆ ಕೇಳೋರಿಲ್ಲ, ಆ ದೊರೆಸಾನಿ ಮೈ ಒಂಚೂರು ಬಿಸಿಯಾದ್ರೆ ಸಾಕು, ರಸ್ತೆ ಮಧ್ಯ ಕೂತ್ಕೊಂಡು ಗಾಳಿ ಬೀಸ್ತಾರೆ!"

ನಿನಗೆ ನೆನಪಿದೆಯೋ ಇಲ್ಲವೋ, ನಾವಿಬ್ಬರೂ ಸೀಟಿನ ಹಿಂದಿನ ಸಾಮಾನಿನ ಹಲಗೆಯ ಮೇಲೆ ಕಾಲು ಮಡಚಿಕೊಂಡು ಕೂರುತ್ತಿದ್ದೆವು. ಅಪ್ಪನ ಕಣ್ಣು ರಸ್ತೆ ಬಿಟ್ಟು ಅಲ್ಲಾಡುತ್ತಿರಲಿಲ್ಲ. ನೀರಿನ ಬಿಸಿ ತೋರಿಸುವ ಮೀಟರು ಇದ್ದದ್ದೇ ಅಮ್ಮನ ಮುಂದೆ, ಅದನ್ನು ನೋಡುವುದು ಅವಳ ಕೆಲಸ. ಗಾಜಿನ ಮೇಲೆ ಅವಳ ಉಗುರುಬಣ್ಣದಿಂದ ಇಟ್ಟ ಕೆಂಪು ಚುಕ್ಕಿ ಇನ್ನೂ ಇದೆ. "ಅರ್ಧ," "ಅರ್ಧಕ್ಕಿಂತ ಒಂದು ಕೂದಲು ಮೇಲೆ," "ಚುಕ್ಕಿ ಹತ್ರ ಬಂತು ರೀ!" ಎಂದು ಕೂಗುವಳು. ಅವಳು ಹಾಗೆ ಕೂಗಿದ ಕೂಡಲೇ ಅಪ್ಪ ಹೀಟರ್ ಪೂರ್ತಿ ತಿರುಗಿಸುತ್ತಿದ್ದರು. ಎಂಜಿನ್ನಿನ ಬಿಸಿಯನ್ನು ನಮ್ಮ ಮೇಲೆ ಊದಿದರೆ ಎಂಜಿನ್ನಿಗೆ ಅಷ್ಟು ಹಗುರವಂತೆ! ಉರಿ ಬೇಸಿಗೆಯಲ್ಲಿ ಜಗತ್ತೆಲ್ಲ ಕಿಟಕಿ ತೆಗೆದು ಗಾಳಿ ತಿನ್ನುತ್ತಿದ್ದರೆ, ಹೀಟರ್ ಹಾಕಿಕೊಂಡು ಬೆವರು ಸುರಿಸುತ್ತಾ ಬೆಟ್ಟ ಹತ್ತುತ್ತಿದ್ದ ಕುಟುಂಬ ನಮ್ಮದೊಂದೇ. ನೀನು ಅಂಗಿ ಬಿಚ್ಚಿ ಅಮ್ಮನ ತಲೆಯ ಮೇಲೆ ಎಸೆಯುತ್ತಿದ್ದೆ. ಇನ್ನು ನಾವಿಬ್ಬರೂ ದೊಡ್ಡವರಾಗಿ ಸೂಜಿ ನೋಡುವ ಪಾಳಿ ನಮಗೆ ಬಂದಾಗ ಅಮ್ಮ ಹೇಳಿಕೊಟ್ಟಿದ್ದೂ ಒಂದೇ ಮಾತು: "ಏರಿದ್ರೆ ಕೂಗು. ಇಳಿದ್ರೆ ಬಾಯಿ ಮುಚ್ಕೊಂಡು ಕೂತ್ಕೋ, ಅಪ್ಪನ ತಲೆ ತಿನ್ನಬೇಡ."

ಭಾನುವಾರ ನಾನು ಮಾಡಿದ್ದು ಅದನ್ನೇ.

ಏರಿನ ಮೊದಲ ನಾಲ್ಕು ತಿರುವು ಸಲೀಸಾಗಿ ಹತ್ತಿದಳು ದೊರೆಸಾನಿ. ಐದನೆಯ ತಿರುವಿನಲ್ಲಿ ಸೂಜಿ ಅರ್ಧ ದಾಟಿತು. ಕೂಗಿದೆ. ಆರನೆಯದರಲ್ಲಿ ಚುಕ್ಕಿಗೆ ಮುತ್ತಿಡುವಷ್ಟು ಹತ್ತಿರ ಹೋಯಿತು. ಇನ್ನೂ ಜೋರಾಗಿ ಕೂಗಿದೆ. ಅಪ್ಪ ಹೀಟರ್ ತಿರುಗಿಸಿದರು, ಗೇರು ಇಳಿಸಿ ನಿಧಾನ ಮಾಡಿದರು, ಮುಂದೆ ನಿಲ್ಲಿಸಲು ಅಗಲದ ಜಾಗ ಸಿಗುತ್ತದಾ ಎಂದು ನೋಡುತ್ತಿದ್ದರು. ಒಂದು ಕಡೆ ಬಂಡೆ, ಇನ್ನೊಂದು ಕಡೆ ಮೊಣಕಾಲೆತ್ತರದ ಗೋಡೆ, ಗೋಡೆಯಾಚೆ ಪ್ರಪಾತ, ಹಿಂದೆ ಲಾರಿಗಳ ಸಾಲು. ಅಷ್ಟರಲ್ಲಿ ಸೂಜಿ ಇಳಿಯತೊಡಗಿತು. ಚುಕ್ಕಿಯಿಂದ ಅರ್ಧಕ್ಕೆ, ಅರ್ಧದಿಂದ ಕಾಲುಭಾಗಕ್ಕೆ. ಪಾದಕ್ಕೆ ಬಡಿಯುತ್ತಿದ್ದ ಹೀಟರಿನ ಬಿಸಿಗಾಳಿಯೂ ತಣ್ಣಗಾಯಿತು. ಅಬ್ಬ, ಎಷ್ಟು ಹಾಯೆನಿಸಿತು ಗೊತ್ತಾ! ಬದುಕಿದೆಯಾ ಬಡಜೀವವೇ ಎಂದು ಸೀಟಿಗೊರಗಿದೆ. ಅಪ್ಪನಿಗೆ ಹೇಳಲಿಲ್ಲ. ಒಳ್ಳೆಯ ಸುದ್ದಿಯನ್ನು ಕೂಗುವ ಪದ್ಧತಿ ನಮ್ಮಲ್ಲಿಲ್ಲವಲ್ಲ. ನಾನು ಸುಮ್ಮನಿದ್ದೇನೆಂದರೆ ಎಲ್ಲ ಸರಿಯಿದೆ ಎಂದು ಅಪ್ಪ ಮತ್ತೆ ಕಾಲೊತ್ತಿದರು. ಹಾಗೇ ಇನ್ನೂ ಎರಡು ತಿರುವು ಹತ್ತಿಸಿದೆವು.

ಮೊದಲು ಬಂದದ್ದು ವಾಸನೆ, ಕಾದ ಕಾವಲಿಯಂಥದ್ದು. ಆಮೇಲೆ ಬಾನೆಟ್ಟಿನೊಳಗೆ ಟಕಟಕ ಎಂದು ಸದ್ದು. ಅಪ್ಪ ಎಡಗಾಲನ್ನು ಹೀಟರಿನ ಮುಂದೆ ಹಿಡಿದು ನೋಡಿದರು. "ಸೂಜಿ ಎಲ್ಲಿದೆ?" ಎಂದು ಕೇಳಿದರು. ನಾನು ಹೆಮ್ಮೆಯಿಂದ "ಪೂರ್ತಿ ಕೆಳಗೆ ಇದೆ ಅಪ್ಪ" ಎಂದೆ. "ಯಾವಾಗಿಂದ?" ಎಂದು ಅವರು ಕಿರುಚಿದ್ದು ಈಗಲೂ ಕಿವಿಯಲ್ಲಿದೆ. ನಮ್ಮಮ್ಮ ಹೋದ ದಿನ ಬಿಟ್ಟರೆ ಅಪ್ಪನ ಗಂಟಲಿನಿಂದ ಆ ಸ್ವರ ನಾನು ಕೇಳಿಲ್ಲ.

ಎಂಜಿನ್ ಆರಿಸಿದರು. ಕಡಿದಾದ ಏರಿನಲ್ಲಿ ಕಾರು ನಿಂತು, ಹಿಂದಕ್ಕೆ ಜಾರತೊಡಗಿತು. ಹ್ಯಾಂಡ್‌ಬ್ರೇಕ್ ಎಳೆದರೂ ಒಂದು ಮಾರು ಜಾರಿತು. ಹಿಂದಿನ ಲಾರಿಯವನು ಹಾರನ್ನಿನ ಮೇಲೇ ಕೂತುಬಿಟ್ಟ. ನಾನು ಸೀಟಿನಡಿಯ ಮರದ ತುಂಡನ್ನು ಎತ್ತಿಕೊಂಡು ಬಾಗಿಲು ತೆಗೆದು ಹಾರಿದೆ, ಹಿಂಚಕ್ರಕ್ಕೆ ಕೊಟ್ಟೆ, ಮೊಣಕಾಲು ತರಚಿ ರಕ್ತ ಬಂದದ್ದು ಆಮೇಲೆ ಗೊತ್ತಾಯಿತು. ತುಂಡಿನಿಂದ ಆಚೆಗೆ ನೋಡಿದರೆ ನಾವು ಬಂದ ದಾರಿಯುದ್ದಕ್ಕೂ ರಸ್ತೆಯ ಮೇಲೆ ಒಂದು ಒದ್ದೆ ಗೆರೆ, ಕೆಳಗಿನ ತಿರುವಿನವರೆಗೂ. ಕೆಳಗಿನ ರಬ್ಬರ್ ಪೈಪು ಒಳಗಿಂದ ಸೀಳಿತ್ತು. ಹೊಗೆಯಿಲ್ಲ, ಆವಿಯಿಲ್ಲ, ಗಲಾಟೆಯಿಲ್ಲ, ದೊರೆಸಾನಿ ತನ್ನ ಮೈಯ ನೀರನ್ನೆಲ್ಲ ಚೆಲ್ಲಿಕೊಳ್ಳುತ್ತಾ ಸುಮ್ಮನೆ ಏರು ಹತ್ತಿದ್ದಳು.

ಬಾನೆಟ್ ಎತ್ತಿ, ಗೋಡೆಯ ಮೇಲೆ ಕೂತು, ತಣ್ಣಗಾಗಲು ಕಾದೆವು. ಬಾಟಲಿಯ ನೀರು ಸುರಿಯಲೇ ಎಂದೆ. ಕಾದ ಕಬ್ಬಿಣಕ್ಕೆ ತಣ್ಣೀರು ಬಿದ್ದರೆ ಬಿರುಕು ಬಿಡುತ್ತದೆ ಎಂದು ತಡೆದರು. ರೇಡಿಯೇಟರ್ ಮುಚ್ಚಳಕ್ಕೂ ಕೈ ಹಾಕಲಿಲ್ಲ, ಅವರ ಮುಂಗೈಯ ಹಳೆಯ ಸುಟ್ಟ ಕಲೆ ನಿನಗೆ ಗೊತ್ತಲ್ಲ. ನನ್ನನ್ನು ಬೈಯುತ್ತಾರೆ ಎಂದು ಕಾಯುತ್ತಿದ್ದೆ, ಬೈಯಲಿಲ್ಲ. "ನಿನ್ನ ತಪ್ಪಲ್ಲ, ನಾನೇ ಹೇಳಿಕೊಟ್ಟಿರಲಿಲ್ಲ" ಎಂದರು. "ನೀರಿದ್ರೆ ತಾನೇ ಸೂಜಿಗೆ ಬಿಸಿ ಗೊತ್ತಾಗೋದು? ನೀರೇ ಇಲ್ದಿದ್ರೆ ಅದು ಗಾಳೀಲಿ ನಿಂತು ತಣ್ಣಗಿದೀನಿ ಅನ್ನುತ್ತೆ. ಏರೋ ಸೂಜಿಗೆ ಹೆದರಬೇಕಾಗಿಲ್ಲ. ನಾವೇನೂ ಮಾಡ್ದೆ ತಾನಾಗೇ ಇಳಿಯುತ್ತಲ್ಲ, ಅದಕ್ಕೆ ಹೆದರಬೇಕು." ಒಂದು ಲಾರಿ ಹೋಯಿತು, ಎರಡು ಹೋದವು. ಆಮೇಲೆ ರಸ್ತೆಯನ್ನೇ ನೋಡುತ್ತಾ ಕೇಳಿದರು, "ಅವನು ಎಷ್ಟು ದಿನದಿಂದ ಚೆನ್ನಾಗಿದೀನಿ ಅಂತ ಬರೀತಿದಾನೆ?"

ಮೂರು ತಿಂಗಳು, ಮೊಂಡಾ. ಗೋಡೆಯ ಮೇಲೆ ಕೂತು ಬೆರಳು ಮಡಚಿ ಎಣಿಸಿದೆ. ಅದಕ್ಕೆ ಮುಂಚೆ ನಿನ್ನ ಒಂದೊಂದು ಪತ್ರವೂ ಕುದಿಯುತ್ತಿತ್ತು. ಮೇಸ್ತ್ರಿಗೆ ಬೈಗುಳ, ಚಹಾಕ್ಕೆ ಬೈಗುಳ, ಪಕ್ಕದ ಮಂಚದ ಗೊರಕೆಯವನಿಗೆ ಎರಡು ಪುಟ ಬೈಗುಳ, ಕೊನೆಗೆ ಅಪ್ಪನಿಗೆ ಇಷ್ಟುದ್ದ ಬೈಗುಳ. ಓದಿ ನಾನು ನಗುತ್ತಿದ್ದೆ, ಅಪ್ಪ ಮುಖ ಊದಿಸಿಕೊಂಡು ಶೆಡ್ಡಿಗೆ ಹೋಗುತ್ತಿದ್ದರು, ಮನೆಯಲ್ಲಿ ನೀನೇ ಇದ್ದ ಹಾಗಿರುತ್ತಿತ್ತು. ಆಮೇಲೆ ಆ ಒಂಬತ್ತು ಪುಟದ ಪತ್ರ ಬಂತು. ನಿನ್ನ ಪಾಳಿಯನ್ನು ಆ ಗೊರಕೆಯವನು ತಾನು ಮಾಡುತ್ತೇನೆಂದು ತೆಗೆದುಕೊಂಡದ್ದು, ಆ ದಿನವೇ ಸುರಂಗದ ಚಾವಣಿ ಕಳಚಿ ಬಿದ್ದದ್ದು, ಪಂಪಿನ ಹತ್ತಿರ ನಿಂತಿದ್ದವನು ಅವನಾದದ್ದು. "ಈಗ ಕೋಣೇಲಿ ಗೊರಕೆ ಇಲ್ಲ ಅಕ್ಕ, ನಿದ್ದೆ ಬರ್ತಿಲ್ಲ" ಎಂದು ಬರೆದಿದ್ದೆ. "ಅಲ್ಲಿ ನಾನಿರಬೇಕಿತ್ತು" ಎಂದು ನಾಲ್ಕು ಕಡೆ ಬರೆದಿದ್ದೆ. ಅದಕ್ಕೆ ನಿನ್ನ ಈ ಅಕ್ಕ ಏನು ಬರೆದಳು? ಬಸ್ಸಿನ ಸೀಟುಗಳ ಕೆಲಸ ತಲೆಯ ಮೇಲಿತ್ತು, ಅರ್ಧ ಪುಟ ಗೀಚಿದಳು. ಧೈರ್ಯ ತಂದುಕೋ, ದಿನ ಕಳೆದಂತೆ ಸರಿಹೋಗುತ್ತದೆ, ಜಾಸ್ತಿ ಯೋಚನೆ ಮಾಡಬೇಡ. ಜಾಸ್ತಿ ಯೋಚನೆ ಮಾಡಬೇಡ! ಆ ಕಾಗದವನ್ನು ನೀನು ಇಟ್ಟುಕೊಂಡಿದ್ದರೆ ದಯವಿಟ್ಟು ಒಲೆಗೆ ಹಾಕು. ನೆನೆಸಿಕೊಂಡರೆ ನಾಚಿಕೆಯಾಗುತ್ತದೆ.

ಅದಾದ ಮೇಲೆ ನಿನ್ನದು ಮೂರೇ ಮೂರು ಸಾಲಿನ ಕಾರ್ಡು. ಬೈಗುಳವಿಲ್ಲ, ದೂರಿಲ್ಲ. ನಾನು ಹಾಯಾಗಿ ಉಸಿರು ಬಿಟ್ಟೆ. ಹುಡುಗ ಸುಧಾರಿಸಿಕೊಂಡ ಎಂದು ಅಪ್ಪನಿಗೂ ಹೇಳಿದೆ. ನೀನು ಕೂಗಿದಾಗ ಕಿವಿ ಕೊಟ್ಟೆವು, ಕೂಗು ನಿಂತಾಗ ಸೀಟಿಗೊರಗಿದೆವು. ಸೋಮವಾರ ನಿಮ್ಮ ಕ್ಯಾಂಪಿನ ಆಫೀಸಿಗೆ ಫೋನ್ ಮಾಡಿದೆ. ಗುಮಾಸ್ತರು ನಿನ್ನನ್ನು ಕರೆಸಲಿಲ್ಲ, ಒಳಗೆ ಸುರಂಗದಲ್ಲಿದ್ದಾನೆ ಎಂದರು. "ಒಳ್ಳೆ ಹುಡುಗ ಅಮ್ಮ, ಈಗೀಗ ಯಾರ ಹತ್ರಾನೂ ಜಗಳವೇ ಇಲ್ಲ, ಬಲು ತಣ್ಣಗಿದಾನೆ" ಎಂದರು. ಸಮಾಧಾನ ಹೇಳಿದೆನೆಂದು ಅವರಿಗೆ ಸಂತೋಷ. ನಾನು ಫೋನ್ ಇಟ್ಟು ನಿನ್ನ ಕಾರ್ಡುಗಳನ್ನೆಲ್ಲ ಮತ್ತೆ ಹರವಿಕೊಂಡು ಕೂತೆ.

ದೊರೆಸಾನಿಯ ಸುದ್ದಿ ಹೇಳಿಬಿಡುತ್ತೇನೆ. ಲಾರಿಯವರು ಕಟ್ಟಿ ಎಳೆದು ತಂದರು. ಅಪ್ಪ ಅಂದಿನಿಂದ ಶೆಡ್ಡು ಬಿಟ್ಟು ಬಂದಿಲ್ಲ. ಎಂಜಿನ್ನಿನ ತಲೆ ಬಿಚ್ಚಿ ನೋಡಿದರೆ ಬಿಸಿಗೆ ಬಾಗಿತ್ತು. ಲೇತ್ ಅಂಗಡಿಯಲ್ಲಿ ಅದನ್ನು ಸಪಾಟು ಮಾಡಿಸಿ, ಹೊಸ ಗ್ಯಾಸ್ಕೆಟ್ ಹಾಕಿ, ಎಲ್ಲ ಪೈಪುಗಳನ್ನೂ ಬದಲಾಯಿಸಿದ್ದಾರೆ. ನಿನ್ನ ಸ್ಪ್ಯಾನರ್ ಮುಟ್ಟಿಲ್ಲ. ಆ ಪೆಟ್ಟಿಗೆ ಬೆಂಚಿನ ಮೇಲೆ ಹಾಗೇ ಇದೆ, ತಮ್ಮ ಸವೆದ ಸ್ಪ್ಯಾನರುಗಳಲ್ಲೇ ಗುದ್ದಾಡುತ್ತಿದ್ದಾರೆ. ಇನ್ನೊಂದು ಮಾತು ಕೇಳು, ನೀನು ನಂಬುವುದಿಲ್ಲ. ನಿನ್ನೆ ಬೆಳಿಗ್ಗೆ ಅಡುಗೆಮನೆಗೆ ಹೋದರೆ ಹಾಲು ಕಾಯಿಸುವ ಪಾತ್ರೆಯಲ್ಲಿ ಒಂದು ಹಿತ್ತಾಳೆಯ ಬಿಲ್ಲೆ ಬೇಯುತ್ತಿದೆ! ಪಕ್ಕದಲ್ಲಿ ಅಪ್ಪ, ನೀರಿಗೆ ಥರ್ಮಾಮೀಟರ್ ಇಳಿಬಿಟ್ಟುಕೊಂಡು, ಕನ್ನಡಕ ಮೂಗಿನ ತುದಿಗೆ ಜಾರಿಸಿಕೊಂಡು ನಿಂತಿದ್ದಾರೆ. ಎಂಬತ್ತೆರಡು ಡಿಗ್ರಿಗೆ ಬಿಲ್ಲೆಯ ಬಾಯಿ ಮೆಲ್ಲಗೆ ತೆರೆದುಕೊಂಡಿತು. ನಿನ್ನ ಥರ್ಮೋಸ್ಟಾಟು, ಕಣೋ, ನೀರು ಕಾಯುವವರೆಗೆ ದಾರಿ ಮುಚ್ಚಿಡುವುದು. ಎರಡು ವರ್ಷದ ಹಿಂದೆ ನೀನು ಹಾಕಿದ್ದನ್ನು, ನೀನು ಬೆನ್ನು ತಿರುಗಿಸಿದ ಕೂಡಲೇ ಅಪ್ಪ ಕಿತ್ತು ಡಬ್ಬಿಗೆ ಹಾಕಿದ್ದರಲ್ಲ, ನೀರು ಸಲೀಸಾಗಿ ಹರಿಯಬೇಕು, ನಡುವೆ ಬಾಗಿಲು ಯಾಕೆ ಎಂದು. ಆ ಜಗಳದಲ್ಲಿ ನೀನು ಹೇಳಿದ್ದ ಮಾತನ್ನು ಪಾತ್ರೆ ನೋಡುತ್ತಲೇ ಅಪ್ಪ ಹೇಳಿದರು: "ತಣ್ಣಗಿರೋದೇ ಬೇರೆ, ಸರಿಯಾಗಿರೋದೇ ಬೇರೆ ಅಪ್ಪ. ಎಂಜಿನ್ನಿಗೆ ಅದರ ಬಿಸಿ ಬೇಕು." ನೀನು ಹೇಳಿದ ಸ್ವರದಲ್ಲೇ ಹೇಳಿದರು. ಹೇಳಿ ಮೂಗೊರೆಸಿಕೊಂಡರು. ಹಾಲಿನ ಪಾತ್ರೆ ಹಾಳಾಯಿತು, ಅದು ಬೇರೆ ಮಾತು.

ಈಗ ನೇರವಾಗಿ ಕೇಳುತ್ತೇನೆ, ಸುತ್ತಿ ಬಳಸಿ ಕೇಳಲು ನನಗೆ ಬರುವುದಿಲ್ಲ. ನಿನಗೆ ಜೀವ ಬೇಡವೆನಿಸಿದೆಯಾ? ಹೌದಾದರೆ ಹೌದೆನ್ನು. ನಾನು ಬೈಯುವುದಿಲ್ಲ. ಅಳುವುದಿಲ್ಲ ಎಂದು ಮಾತ್ರ ಮಾತು ಕೊಡಲಾರೆ. ಗೊರಕೆಯವನ ಜಾಗದಲ್ಲಿ ನೀನಿರಬೇಕಿತ್ತು ಎಂದು ಇನ್ನೂರು ಪುಟ ಬರೆ, ಓದುತ್ತೇನೆ. ಮತ್ತೆ ಮತ್ತೆ ಅದನ್ನೇ ಬರೆ, ಮತ್ತೆ ಮತ್ತೆ ಓದುತ್ತೇನೆ. ನನಗೆ ಬೈ, ಅಪ್ಪನಿಗೆ ಬೈ. ಕುದಿ, ಉಕ್ಕು, ಕೂಗಾಡು. ಚೆನ್ನಾಗಿದ್ದೇನೆ ಎಂದು ಮಾತ್ರ ಅನ್ನಬೇಡ. ನಿನ್ನನ್ನು ಕಳೆದುಕೊಳ್ಳುವ ಭಯಕ್ಕೆ ಭಾನುವಾರದಿಂದ ನನಗೆ ಉಸಿರು ಪೂರ್ತಿ ಒಳಗೆ ಹೋಗುತ್ತಿಲ್ಲ.

ಕ್ಯಾಂಪಿನ ಅಡುಗೆಯವರಿಗೆ ಒಂದು ಚೀಟಿ ಬರೆದಿದ್ದೇನೆ, ನಿನ್ನನ್ನು ಒಬ್ಬನೇ ಬಿಡಬೇಡಿ ಎಂದು. ನಿನಗೆ ಅವಮಾನವಾದರೆ ಆಗಲಿ, ಕೋಪ ಬಂದರೆ ಇನ್ನೂ ಒಳ್ಳೆಯದು.

ಅಪ್ಪ ನಿನಗೆ ಆಶೀರ್ವಾದ ಹೇಳೆಂದರು, ಗ್ರೀಸು ಮೆತ್ತಿದ ಕೈಯನ್ನು ಕಾಗದದ ಮೇಲಿಟ್ಟು, ಮೇಲಿನ ಮೂಲೆಯ ಕಲೆ ಅದೇ. ನನ್ನ ಆಶೀರ್ವಾದವೂ ಇದೆ, ಅದರ ಜೊತೆ ಬೆನ್ನಿಗೆ ಒಂದು ಗುದ್ದೂ ಇದೆ.

ನಿನ್ನ ಬಾಯಿಬಡಕಿ,
ಅಕ್ಕ

ಮರೆತ ಮಾತು: ಕಾಗದ ಮಡಚುತ್ತಿದ್ದೆ, ಮೀಸೆ ಡ್ರೈವರು ಬಂದರು. ಇದನ್ನು ಅವರ ಕೈಗೆ ಕೊಟ್ಟು ಕಳಿಸಬೇಕೆಂದಿದ್ದವಳು, ಕೊಡಲು ಹೋಗಿ ಕೈ ಬಿಡಲಾಗಲಿಲ್ಲ. ಎರಡು ಜೊತೆ ಬಟ್ಟೆ ಚೀಲಕ್ಕೆ ತುರುಕಿಕೊಂಡು ಲಾರಿ ಹತ್ತಿದ್ದೇನೆ. ಅಕ್ಷರ ಕುಣಿಯುತ್ತಿರುವುದು ಅದಕ್ಕೇ. ನಿನ್ನ ಸ್ಪ್ಯಾನರ್ ಪೆಟ್ಟಿಗೆ ನನ್ನ ತೊಡೆಯ ಮೇಲಿದೆ, ಗಡಿಯಾರ ನನ್ನ ಕೈಯಲ್ಲಿದೆ, ಕೀ ಕೊಟ್ಟಿದ್ದೇನೆ. ಅಪ್ಪ ನಾಳೆ ಬೆಳಿಗ್ಗೆ ಬೋಲ್ಟುಗಳನ್ನು ಇನ್ನೊಮ್ಮೆ ಬಿಗಿ ಮಾಡಿಕೊಂಡು ದೊರೆಸಾನಿಯಲ್ಲಿ ಹಿಂದೆಯೇ ಹೊರಡುತ್ತಾರೆ, ಒಬ್ಬರೇ. ಬೇಡವೆಂದರೂ ಕೇಳಲಿಲ್ಲ. "ಹೋಗುವಾಗ ಸೂಜಿ ನಾನೇ ನೋಡ್ಕೋತೀನಿ. ವಾಪಸ್ ಬರೋವಾಗ ನೋಡೋಕೆ ಅವನು ಬೇಕು ಅಂತ ಹೇಳು" ಎಂದರು. ಇರುವುದು ಎರಡೇ ಸೀಟು, ಹಿಂದಿನ ಹಲಗೆಗೆ ನನ್ನ ಸೊಂಟ ಹಿಡಿಸುವ ಕಾಲ ಹೋಯಿತು, ವಾಪಸ್ ನಾನು ಲಾರಿಯಲ್ಲೇ ಬರುತ್ತೇನೆ. ಬಾಯಲ್ಲಿ ಹೇಳಲು ಹೋದರೆ ಅತ್ತುಬಿಡುತ್ತೇನೆಂದು ಈ ಕಾಗದವನ್ನೇ ನಿನ್ನ ಕೈಗೆ ಕೊಟ್ಟಿದ್ದೇನೆ. ಓದಿ ಮುಗಿಯಿತಾ? ತಲೆ ಎತ್ತು. ಎದುರಿಗೇ ನಿಂತಿದ್ದೇನೆ.